ಸಾಣೆಯ ಮುಂದೆ ಆಡಿದ ಮಾತು

ಗೂಳಪ್ಪನ ಮೇಲೆ ನನಗೆ ಮೊದಲ ದಿನದಿಂದಲೇ ಸಿಟ್ಟು. ಸಾಣೆ ಹಿಡಿಯುವವನು ಚೂರಿಯನ್ನು ಆಗಾಗ ನೀರಿನಲ್ಲಿ ಅದ್ದಲೇಬೇಕು, ಅದು ನನಗೂ ಗೊತ್ತು. ಆದರೆ ಮಟನ್ ಅಂಗಡಿಯವರ ಕತ್ತಿ ಅದ್ದಿದ ಬಕೆಟ್ಟಿನಲ್ಲೇ ನನ್ನ ಬದನೆಕಾಯಿ ಹೆಚ್ಚುವ ಚೂರಿಯನ್ನೂ ಅದ್ದಿದರೆ ಸಿಟ್ಟು ಬರದೆ ಇನ್ನೇನು ಬಂದೀತು? “ನನ್ನ ಚೂರಿಗೆ ಬ್ಯಾರೆ ಬಕೇಟು ಇಡ್ರಿ” ಎಂದು ಕಡ್ಡಿ ಮುರಿದಂತೆ ಹೇಳಿದೆ. “ಇಡ್ತೀನ್ರಿ, ಗೋದಾಬಾಯರ” ಎಂದ. ಮುಂದಿನ ಸಲ ಹೋದಾಗ ಎರಡು ಬಕೆಟ್ಟುಗಳಿದ್ದದ್ದು ನಿಜ. ಕೆಂಪು ಬಕೆಟ್ಟು ನನ್ನದಂತೆ. ಅದರಲ್ಲಿ ಅವನ ಅಂಗಿ, ಪಂಚೆ ನೆನೆಹಾಕಿದ್ದವು.

ನಾನು ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದು ಇಲ್ಲೇ ಕೂದಲು ನೆರೆಯಿತು. ನಮ್ಮವರು ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ, ದಿನವಿಡೀ ಅವರ ಮುಖ ನೋಡುವುದಕ್ಕಿಂತ ನಾಲ್ಕು ಮಂದಿಗೆ ಅನ್ನ ಬೇಯಿಸುವುದು ವಾಸಿ ಎಂದು ಕ್ಯಾಂಪ್ ಪೇಟೆಯ ಒಂದು ಗಲ್ಲಿಯಲ್ಲಿ ಅಡುಗೆಮನೆ ಹಿಡಿದೆ. ವಿಮಾನ ನಗರದ ಆಫೀಸುಗಳಲ್ಲಿ ಕೂತಿರುವ ಬೆಂಗಳೂರು, ಮೈಸೂರು ಕಡೆಯ ಮಕ್ಕಳಿಗೆ ನನ್ನ ಡಬ್ಬಿ ಹೋಗುತ್ತದೆ. “ಆಂಟಿ, ಖಾರ ಸ್ವಲ್ಪ ಕಮ್ಮಿ ಇರ್ಲಿ ಪ್ಲೀಸ್” ಎಂದು ಮೆಸೇಜು ಹಾಕುತ್ತಾರೆ. ನಾನು ಕಮ್ಮಿ ಮಾಡುವುದಿಲ್ಲ. ದಿನಾ ರಾಶಿ ರಾಶಿ ಕಾಯಿಪಲ್ಲೆ ಹೆಚ್ಚಬೇಕು. ಚೂರಿ ಮೊಂಡಾದರೆ ಮೊದಲು ರಟ್ಟೆ ಹಿಡಿಯುತ್ತದೆ, ಆಮೇಲೆ ತಲೆ ಕೆಡುತ್ತದೆ. ಹಾಗಾಗಿ ಬೈದುಕೊಂಡಾದರೂ ಗೂಳಪ್ಪನ ಹತ್ತಿರವೇ ಹೋಗಬೇಕಾಗುತ್ತಿತ್ತು. ಅವನು ಮಾಡಿಕೊಟ್ಟ ಚೂರಿ ಟೊಮೆಟೊ ಮೇಲೆ ಇಟ್ಟರೆ ಸಾಕು, ಒತ್ತುವ ಕೆಲಸವಿರಲಿಲ್ಲ.

ಗೂಳಪ್ಪ ಹುಕ್ಕೇರಿ ಕಡೆಯ ಕಮ್ಮಾರರ ಮನೆತನದವನು. ಊರಲ್ಲಿ ತಿದಿ ಒತ್ತುವುದನ್ನು ಬಿಟ್ಟು ಹರೆಯದಲ್ಲೇ ಪುಣೆಗೆ ಬಂದು, ಒಂದು ಚೂರಿ ಕಾರ್ಖಾನೆಯಲ್ಲಿ ಕೆಲಸ ಕಲಿತು, ಅದು ಮುಚ್ಚಿದ ಮೇಲೆ ನಮ್ಮ ಗಲ್ಲಿಯ ತುದಿಯ ಹಳೇ ಮನೆಯೊಂದರಲ್ಲಿ ತನ್ನದೇ ಪಟ್ಟಾ ಮಶೀನು ಹಾಕಿಕೊಂಡಿದ್ದ. ಕೆಳಗೆ ಮಶೀನು, ಮೇಲಿನ ಅಟ್ಟದಂಥ ಕೋಣೆಯಲ್ಲಿ ಸಂಸಾರ. ಪಟ್ಟಾ ಮಶೀನು ಎಂದರೆ ಹೆಚ್ಚೇನಿಲ್ಲ, ಒಂದು ಮೋಟಾರು, ಅಲಗು ಊರುವ ಒಂದು ಕಬ್ಬಿಣದ ಕಟ್ಟೆ, ಮೂರು ಚಕ್ರ, ಅವುಗಳ ಮೇಲೆ ಸರ್ರೆಂದು ಓಡುವ ಉಸುಕು ಕಾಗದದ ಉದ್ದನೆಯ ಪಟ್ಟಿ. ಒರಟು ಪಟ್ಟಿ ಹಾಕಿ ಕಬ್ಬಿಣ ತೆಗೆಯುವುದು, ನಡುವಿನದು ಹಾಕಿ ಗೀರು ಅಳಿಸುವುದು, ನಯವಾದದ್ದು ಹಾಕಿ ಮುಗಿಸುವುದು.

ನೋಡುವುದಕ್ಕೆ ಸುಲಭ. ನಾನು ಚೂರಿಗಾಗಿ ಕಾಯುತ್ತ ಸ್ಟೂಲಿನ ಮೇಲೆ ಕೂತು ನೋಡಿ ನೋಡಿ ಕಲಿತದ್ದು ಇಷ್ಟು: ಅಲಗಿನ ಅಂಚಿಗೆ ನೀಲಿ ಶಾಯಿ ಬಳಿದು ನಟ್ಟನಡುವೆ ಒಂದು ಗೆರೆ ಗೀರಿಕೊಳ್ಳಬೇಕು, ಎರಡೂ ಮಗ್ಗುಲಿಂದ ಆ ಗೆರೆಯ ತನಕ ಬರಬೇಕು, ದಾಟಬಾರದು. ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸೊಂಟದಿಂದ ತೂಗಬೇಕು, ಕೈ ಆಡಿಸಿದರೆ ಅಲಗು ಅಲೆಅಲೆಯಾಗುತ್ತದೆ. ಮೊನೆಯ ಹತ್ತಿರ ಬಂದಾಗ ಹಿಡಿ ತುಸು ಎತ್ತಬೇಕು, ಒತ್ತಡ ಬಿಡಬೇಕು. ಮೊನೆ ಪಟ್ಟಿಯ ಅಂಚು ದಾಟುವ ಮೊದಲೇ ನಿಲ್ಲಿಸಬೇಕು. ಅಲ್ಲಿ ಒತ್ತಿದರೆ ಪಟ್ಟಿ ಮೊನೆಯನ್ನು ಕಚ್ಚಿ ಚೂರಿಯನ್ನೇ ಕಸಿದುಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾವು. ಅಲಗು ತೆಳುವಾದಷ್ಟೂ ಬೇಗ ಕಾಯುತ್ತದೆ. ಕಾದರೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೀಲಿ. ನೀಲಿಗೆ ತಿರುಗಿತೆಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಅದಕ್ಕೇ ಗೂಳಪ್ಪ ಅಲಗಿನ ಹಿಂದೆ ಬರಿ ಹೆಬ್ಬೆರಳು ಇಟ್ಟುಕೊಂಡೇ ಹಿಡಿಯುತ್ತಿದ್ದ. ಬೆರಳಿಗೆ ಬಿಸಿ ತಾಗಿತೋ, ನೀರಿಗೆ ಅದ್ದಿದ. “ಕೈಗೆ ಗ್ಲೌಸಾದ್ರೂ ಹಾಕ್ಕೊಳ್ರಿ” ಎಂದು ನಾನೊಮ್ಮೆ ಅಂದರೆ ನಕ್ಕುಬಿಟ್ಟ. “ಗ್ಲೌಸು ಹಾಕ್ಕೊಂಡ್ರ ಕಿವುಡ ಆದಂಗ್ರಿ. ಅಲಗು ಮಾತಾಡೂದು ಬೆರಳಿನ ಕೂಡ.”

ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಸಿದ್ದಾರೂಢ ಟೆಂಪೊ ಓಡಿಸುತ್ತಿದ್ದ. ಫಲಟಣ ಕಡೆಯ ಮರಾಠಿ ಹುಡುಗಿ ಮಂಜರಿಯನ್ನು ಮೆಚ್ಚಿ ಮದುವೆಯಾದ. ಕೊರೋನಾದ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಲಿಂಡರು ಸಾಗಿಸುತ್ತ ಊರೆಲ್ಲ ಓಡಾಡಿದವನು ತಾನೇ ಉಸಿರಿಲ್ಲದೆ ಹೋದ. ಇದನ್ನು ಬರೆಯುವಾಗಲೂ ನನಗೆ ದೇವರ ಮೇಲೆ ಸಿಟ್ಟು ಬರುತ್ತದೆ. ಮಂಜರಿಯ ಅಣ್ಣ ಅಮೇಯ ತಂಗಿಯನ್ನು ಕರೆದೊಯ್ಯಲು ಬಂದ. ಮಕ್ಕಳಿಲ್ಲ, ಚಿಕ್ಕ ವಯಸ್ಸು, ಇಲ್ಲಿ ಯಾಕೆ ಇರುತ್ತೀ ಎಂದ. ಅವಳು ಹೋಗಲಿಲ್ಲ. “ಮಾಮಾಗ ಚಹಾ ಯಾರು ಮಾಡಿ ಕೊಡ್ತಾರ, ಕಾಕೂ?” ಎಂದು ನನ್ನನ್ನೇ ಕೇಳಿದಳು, ಚಹಾ ಒಂದೇ ಕಾರಣವೆಂಬಂತೆ. ಗಂಡ ಕಲಿಸಿದ ಕನ್ನಡ ಅವಳ ಬಾಯಲ್ಲಿ ಚೆನ್ನಾಗಿಯೇ ಇತ್ತು.

ಅವಳು ಉಳಿದಳು, ಆದರೆ ಗೂಳಪ್ಪನ ಪುಕಪುಕ ನಿಲ್ಲಲಿಲ್ಲ. ಫಲಟಣದಿಂದ ಫೋನು ಬಂದರೆ ಸಾಕು, ಮಶೀನು ಬಂದ್ ಮಾಡಿ ಮೇಲಿನ ಕೋಣೆಯತ್ತ ಕಿವಿಗೊಟ್ಟು ನಿಲ್ಲುತ್ತಿದ್ದ. ಒಂದು ದಿನ ನನ್ನೆದುರೇ ಹೇಳಿಬಿಟ್ಟ: “ಮಗಾ ಹೋದ ಮ್ಯಾಲ ಉಳದೇನ್ರಿ, ಹ್ಯಾಂಗೋ ಉಳದೇನಿ. ಈಕಿ ಹೋದ್ರ ಉಳಿಯಂಗಿಲ್ಲ.” ಆ ಮುಖ ನೋಡಿ ಬಕೆಟ್ಟಿನ ಜಗಳ ಅವತ್ತು ನಾನೇ ಬಿಟ್ಟೆ.

ಹಾಗಿರುವಾಗ ಒಂದು ದಿನ ಕುಂಬಳಕಾಯಿಗೆ ಚೂರಿ ಹಾಕಿದರೆ, ಮೊನೆ ತಗಡಿನಂತೆ ಮಡಚಿಕೊಂಡಿತು. ನೋಡುತ್ತೇನೆ, ತುದಿಯಲ್ಲಿ ನೀಲಿ. ಗೂಳಪ್ಪ ಮಾಡಿಕೊಟ್ಟ ಚೂರಿಯಲ್ಲಿ ನೀಲಿ! ಅದನ್ನು ಹಿಡಿದುಕೊಂಡೇ ದಡದಡ ಹೋದೆ. ಬಾಗಿಲಲ್ಲಿ ಕಾಲಿಟ್ಟವಳಿಗೆ ಬೈಗುಳ ಮರೆತೇಹೋಯಿತು. ಅವನು ಮಶೀನಿನ ಮುಂದೆ ಅಲಗು ಹಿಡಿದು ನಿಂತಿದ್ದ, ಕೂದಲು ಸುಟ್ಟಂಥ ನಾತ ಹರಡಿತ್ತು. ಅವನ ಹೆಬ್ಬೆರಳಿನ ಚರ್ಮ ಅಲಗಿನ ಹಿಂದೆ ಬೇಯುತ್ತಿತ್ತು. ಅವನು ಮಾತ್ರ ನಿಶ್ಚಿಂತೆಯಿಂದ ತೂಗುತ್ತಲೇ ಇದ್ದ. ಚಹಾ ತಂದ ಮಂಜರಿ ಕಪ್ಪನ್ನು ಅಲ್ಲೇ ಬಿಟ್ಟು ಓಡಿ ಬಂದು ಸ್ವಿಚ್ಚು ಆರಿಸಿದಳು.

ಸಕ್ಕರೆ ಕಾಯಿಲೆ. ಪಾದದ ಸ್ಪರ್ಶ ಹೋಗಿ, ಈಗ ಕೈಬೆರಳ ತುದಿಗಳೂ ಸತ್ತಿದ್ದವು. ಎಷ್ಟು ಕಾಲದಿಂದ ಮುಚ್ಚಿಟ್ಟಿದ್ದನೋ, ದೇವರಿಗೇ ಗೊತ್ತು. ಮಂಜರಿ ಅವನ ಕೈ ಹಿಡಿದು ಒಂದೊಂದೇ ಬೆರಳು ಒತ್ತಿ ನೋಡುತ್ತ “ಇದು? ಇದು?” ಎಂದು ಕೇಳಿದಳು. ಅವನು ಮೊದಲು ಹೂಂ ಹೂಂ ಎಂದ. ಆಮೇಲೆ ಅಳತೊಡಗಿದ.

ಡಾಕ್ಟರರು ಗುಳಿಗೆ ಬರೆದುಕೊಟ್ಟರು, ಹೋದ ಸ್ಪರ್ಶ ಮರಳುವುದಿಲ್ಲ ಎಂದರು. ಮನೆಗೆ ಬಂದ ಮೇಲೆ ಮಂಜರಿ ಹೇಳಿದ ಮಾತು ನನಗೆ ನೆನಪಿದೆ. “ನನಗ ಕಲಸ್ರಿ, ಮಾಮಾ. ನನ್ನ ಬೆರಳು ಛಂದ ಅದಾವಲ್ಲ.” ಗೂಳಪ್ಪನ ಮುಖ ಅರಳಿದ್ದು ನೋಡಿ ನನಗೆ ಒಳಗೊಳಗೆ ಕಸಿವಿಸಿಯಾಯಿತು. ಅವನಿಗೆ ಕೆಲಸ ಉಳಿದ ಖುಷಿಯಲ್ಲ ಅದು. “ಕೆಲಸಾ ಕಲತ್ರ ಆಕಿ ಎಲ್ಲೂ ಹೋಗಂಗಿಲ್ರಿ, ಇಲ್ಲೇ ಇರ್ತಾಳ” ಎಂದು ಗುಟ್ಟಾಗಿ ನನಗೆ ಹೇಳಿದ. ಈ ಗಂಡಸರಿಗೆ ಹೆಣ್ಣುಮಕ್ಕಳನ್ನು ಯಾವುದಕ್ಕಾದರೂ ಕಟ್ಟಿಹಾಕದಿದ್ದರೆ ಸಮಾಧಾನವಿಲ್ಲ. ಅವಳು ಆಗಲೇ ಉಳಿದಿದ್ದಳಲ್ಲ, ಯಾವ ಹಗ್ಗವೂ ಇಲ್ಲದೆ?

ಕಲಿಸುವುದಕ್ಕೆ ಶುರು ಮಾಡಿದ. ಮೊದಲು ಮಶೀನು ಬಂದ್ ಇಟ್ಟು ಬರಿ ತೂಗುವುದು. ಆಮೇಲೆ ಕಟ್ಟಿಗೆಯ ತುಂಡು, ಆಮೇಲೆ ಗುಜರಿ ಕಬ್ಬಿಣ. ಅವಳ ಬೆನ್ನ ಹಿಂದೆ ನಿಂತು ಮರಾಠಿಯಲ್ಲಿ ಒಂದೊಂದೇ ಶಬ್ದ ಹೇಳುತ್ತಿದ್ದ. ನಿಧಾನಕ್ಕೆ ‘ಹಳೂ’, ಮೇಲಕ್ಕೆ ‘ವರ್’, ಸಾಕು, ನಿಲ್ಲಿಸು ಎನ್ನುವುದಕ್ಕೆ ‘ಬಸ್’. ಅವನು ಕೆಲಸ ಕಲಿತದ್ದು ಮರಾಠಿ ಕಾರ್ಖಾನೆಯಲ್ಲಿ, ಹಾಗಾಗಿ ಮಶೀನಿನ ಮುಂದೆ ಅವನ ಬಾಯಿ ತಾನಾಗಿ ಮರಾಠಿಗೆ ಹೊರಳುತ್ತಿತ್ತು. ಮೇಲಿನ ಕೋಣೆಗೆ ಹೋದರೆ ಇಬ್ಬರದೂ ಕನ್ನಡ. ಅಲ್ಲಿ ಸೊಸೆ “ಊಟಾ ಮಾಡ ಬರ್ರಿ” ಎಂದರೆ ಮಾವ “ಬಂದೆ ಯವ್ವಾ” ಎನ್ನುವನು. ಮೆಟ್ಟಿಲು ಇಳಿದರೆ ಒಂದು ಭಾಷೆ, ಹತ್ತಿದರೆ ಇನ್ನೊಂದು. ನಾನು ಇಬ್ಬರನ್ನೂ ಗೇಲಿ ಮಾಡುತ್ತಿದ್ದೆ.

ಮಂಜರಿಗೆ ಕೆಲಸ ಬೇಗ ಹತ್ತಿತು. ಸೊಂಟದಿಂದ ತೂಗುವುದು ಅವಳಿಗೆ ಗಂಡಸರಿಗಿಂತ ಸಲೀಸು, ಬೀಸುಕಲ್ಲಿನ ಮುಂದೆ ಕೂತವರ ಮೊಮ್ಮಗಳು. ಬಿಸಿ ತಾಗಿದ ಕೂಡಲೇ ‘ಸ್ಸ್’ ಎಂದು ನೀರಿಗೆ ಅದ್ದುತ್ತಿದ್ದಳು, ಗೂಳಪ್ಪ ಆ ‘ಸ್ಸ್’ ಕೇಳಿ ತನಗೇ ಜೀವ ಬಂದಂತೆ ನಗುತ್ತಿದ್ದ. ನನ್ನ ಚೂರಿಗಳನ್ನು ಈಗ ಅವಳೇ ಮಾಡಿಕೊಡತೊಡಗಿದಳು, ಅದೂ ಬೇರೆ ಬಕೆಟ್ಟಿನಲ್ಲಿ ಅದ್ದಿ. ನಾನು ಅವಳಿಗೆ ಹೋಳಿಗೆ ಕೊಟ್ಟೆ, ಅವನಿಗೆ ಕೊಡಲಿಲ್ಲ, ಸಕ್ಕರೆ ಕಾಯಿಲೆಯ ನೆಪ ಹೇಳಿದೆ.

ಆ ದಿನ ಮಧ್ಯಾಹ್ನ ಡಬ್ಬಿಗಳನ್ನೆಲ್ಲ ಕಳಿಸಿ ನಾನು ಅವರ ಸ್ಟೂಲಿನ ಮೇಲೆ ಕೂತಿದ್ದೆ. ಒಂದು ಹೊಟೇಲಿನವರು ಮೀನು ಕೊಯ್ಯುವ ಉದ್ದನೆಯ ಹೊಸ ಅಲಗುಗಳನ್ನು ಕೊಟ್ಟಿದ್ದರು. ಹೊಸ ಅಲಗಿಗೆ ಮೊದಲಿನಿಂದ ಮಗ್ಗುಲು ತೆಗೆಯುವ ಕೆಲಸವನ್ನು ಮಂಜರಿ ಅವತ್ತೇ ಮೊದಲ ಸಲ ಮಾಡುತ್ತಿದ್ದಳು, ಅದೂ ಒರಟು ಪಟ್ಟಿಯ ಮೇಲೆ. ಅವಳ ಹಣೆಯ ಮೇಲೆ ಬೆವರು. ಗೂಳಪ್ಪ ಅವಳ ಹಿಂದೆ ನಿಂತು ಗಾಳಿಯಲ್ಲಿ ತಾನೇ ಅಲಗು ಹಿಡಿದವನಂತೆ ತೂಗುತ್ತಿದ್ದ. ಒಂದು ಮಗ್ಗುಲು ಮುಗಿಯಿತು, ಛಂದ ಬಂತು. ಇನ್ನೊಂದು ಮಗ್ಗುಲಿಗೆ ಹಿಡಿದಳು. ಹಿಡಿಯ ಕಡೆಯಿಂದ ಶುರು ಮಾಡಿ ಸಮನಾಗಿ ಎಳೆಯುತ್ತ ಬಂದಳು, ಮೊನೆಯ ಹತ್ತಿರ ಬಂದಳು. ಅಲ್ಲಿ ತೆಳುವಾಗಿದ್ದ ಅಂಚು ಹಳದಿಗೆ ತಿರುಗಿದ್ದು ನನಗೂ ಕಂಡಿತು. ಮೊನೆ ಪಟ್ಟಿಯ ಅಂಚಿಗೆ ಬಂದುಬಿಟ್ಟಿತ್ತು, ಅವಳು ನಿಲ್ಲಿಸಿರಲಿಲ್ಲ.

ಗೂಳಪ್ಪ ಕೂಗಿದ. “ಆತ್! ಆತ್!”

ನಮ್ಮ ಕಡೆ ‘ಆತು’ ಎಂದರೆ ಆಯಿತು, ಮುಗಿಯಿತು, ಇನ್ನು ಬಿಡು. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಅವನ ಅವ್ವ ಕಲಿಸಿದ ಶಬ್ದ. ಮರಾಠಿಯಲ್ಲಿ ‘ಆತ್’ ಎಂದರೆ ಒಳಗೆ.

ಮಂಜರಿ ಒಳಗೆ ಒತ್ತಿದಳು. ಅವನು ಇನ್ನೂ ಜೋರಾಗಿ “ಆತ್!” ಎಂದ. ಅವಳು ಹಲ್ಲು ಕಚ್ಚಿ ಇನ್ನೂ ಒತ್ತಿದಳು. ನನಗೆ ಎರಡೂ ಭಾಷೆ ಬರುತ್ತವೆ, ನಾನು ಬಾಯಿ ತೆರೆದೆ ಕೂಡ, ಆದರೆ ಅಷ್ಟರಲ್ಲಿ ಮೊನೆ ಕಚ್ಚಿಕೊಂಡು ಅಲಗು ಠಣ್ಣೆಂದು ಹಾರಿ ಗೋಡೆಗೆ ಬಡಿಯಿತು. ಅದರ ಹಿಂದಿದ್ದ ಅವಳ ಬಲಗೈ ಒತ್ತಿದ ರಭಸಕ್ಕೆ ನೇರ ಪಟ್ಟಿಯ ಮೇಲೆ ಹೋಯಿತು. ಹೆಬ್ಬೆರಳು, ತೋರುಬೆರಳು. ಚಕ್ರ ಮತ್ತು ಕಟ್ಟೆಯ ಸಂದಿಯಲ್ಲಿ ಸಿಕ್ಕಿಕೊಂಡವು. ಆ ಸಪ್ಪಳವನ್ನು ನಾನು ಬರೆಯುವುದಿಲ್ಲ. ಗೂಳಪ್ಪ ಓಡುವ ಪಟ್ಟಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ನಾನು ಸ್ವಿಚ್ಚು ಆರಿಸಿದೆ.

ರಿಕ್ಷಾದಲ್ಲಿ ಮಂಜರಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಕೈಗೆ ಸುತ್ತಿದ್ದ ನನ್ನ ಸೀರೆಯ ಸೆರಗು ತೊಯ್ದು ಹೋಗಿತ್ತು. ಗೂಳಪ್ಪನ ಅಂಗೈಗಳ ಚರ್ಮವೂ ಸುಲಿದಿತ್ತು. ಆಸ್ಪತ್ರೆಯಲ್ಲಿ ನರ್ಸು ತೋರಿಸುವ ತನಕ ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

ಹೇಗಾಯಿತು ಎಂದು ಡಾಕ್ಟರರು ಕೇಳಿದಾಗ ಮಂಜರಿ ಮರಾಠಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಮಾಮಾ ‘ಆತ್’ ಮ್ಹಣಾಲೇ, ಮ್ಹಣೂನ್ ಮೀ ದಾಬಲಂ.” ಮಾವ ಒಳಗೆ ಅಂದರು, ಅದಕ್ಕೆ ಒತ್ತಿದೆ. ದೂರಿರಲಿಲ್ಲ ಅದರಲ್ಲಿ. ಗೂಳಪ್ಪ ಬಾಗಿಲ ಬಳಿ ನಿಂತಿದ್ದ. ಆ ತನಕ ಅವನು ಸೊಸೆ ಯಾಕೆ ಹಾಗೆ ಮಾಡಿದಳೆಂದು ತಲೆ ಚಚ್ಚಿಕೊಳ್ಳುತ್ತಿದ್ದ. ಈಗ ಅವನಿಗೆ ತಿಳಿಯಿತು. “ನಾ ಸಾಕು ಅಂದಿದ್ನೆ ಯವ್ವಾ… ಸಾಕು ಅಂದಿದ್ನೆ…” ಎಂದು ಗೋಡೆಗೆ ಹಣೆ ಬಡಿದುಕೊಳ್ಳತೊಡಗಿದ. ವಾರ್ಡುಬಾಯ್ ಬಂದು ಹಿಡಿದುಕೊಂಡ. ಹಣೆಗೆ ಹೊಲಿಗೆ ಹಾಕಬೇಕಾಯಿತು.

ಮಂಜರಿಯ ತೋರುಬೆರಳು ಅರ್ಧಕ್ಕೆ ಹೋಯಿತು. ಹೆಬ್ಬೆರಳನ್ನು ತೊಡೆಯ ಚರ್ಮ ಹಚ್ಚಿ ಉಳಿಸಿದರು. ಬೆರಳೇನೋ ಇರುತ್ತದೆ, ಆದರೆ ಅದಕ್ಕೆ ಏನೂ ತಿಳಿಯುವುದಿಲ್ಲ ಎಂದರು.

ಮನೆಗೆ ಬಂದ ಮೇಲೆ ಅವಳು ಮಾವನ ಮೇಲೆ ಒಂದು ಮಾತೂ ಆಡಲಿಲ್ಲ. “ಊಟಾ ಆತೇನ್ರಿ ಅಂತ ದಿನಾ ನಾನs ಕೇಳ್ತೀನಿ, ಕಾಕೂ. ನನಗ ಗೊತ್ತಿಲ್ಲೇನು ಆ ಶಬ್ದ? ಖರೇ ಅಂದ್ರ, ಮಶೀನ ಮುಂದ ನಿಂತ್ರ ಕಿವಿ ಮರಾಠಿ ಆಗ್ತಾವ” ಎಂದಳು. ಇಷ್ಟು ಸರಳವಾಗಿ ಅವಳು ಕ್ಷಮಿಸಿದ್ದನ್ನು ನನಗೇ ತಡೆದುಕೊಳ್ಳಲಾಗಲಿಲ್ಲ. ನಾನಾಗಿದ್ದರೆ ಗಲ್ಲಿ ಒಂದು ಮಾಡುತ್ತಿದ್ದೆ.

ಗೂಳಪ್ಪ ಮಾತು ಬಿಟ್ಟ. ಸಿಟ್ಟಿನಿಂದಲ್ಲ, ಶೋಕದ ವ್ರತವೂ ಅಲ್ಲ. ಬಾಯಿ ತೆರೆದರೆ ಮತ್ತೆ ಯಾರದೋ ಕೈ ಹೋಗುತ್ತದೆ ಎನ್ನುವವನಂತೆ ತುಟಿ ಬಿಗಿದುಕೊಂಡ. ಚಹಾ ಬೇಕಾದರೆ ಕಪ್ಪು ತೋರಿಸುವನು, ಗಿರಾಕಿ ಬಂದರೆ ಕೈ ಆಡಿಸಿ ಕಳಿಸಿಬಿಡುವನು. ಮಂಜರಿ ಅವನ ಎದುರು ಕೂತು ಕನ್ನಡದಲ್ಲಿ ಕರೆಯುತ್ತಿದ್ದಳು, ಮರಾಠಿಯಲ್ಲಿ ಕರೆಯುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿಂದ ಏನೂ ಇಲ್ಲ. ನಾನು ಒಂದು ದಿನ ಹೋಗಿ ಚೆನ್ನಾಗಿ ಜಾಡಿಸಿದೆ. “ಆ ಹುಡುಗಿ ಕೈ ಕಳಕೊಂಡಾಳ, ನೀವು ಬಾಯಿ ಕಳಕೊಂಡವರಂಗ ಕುಂತೀರಲ್ರಿ! ಆಕಿಗೆ ನಾಕು ಮಾತರ ಆಡ್ರಿ!” ಎಂದೆ. ಅವನು ಎರಡೂ ಕೈ ಜೋಡಿಸಿದ. ಅಂಥವನಿಗೆ ಇನ್ನೇನು ಬೈಯುವುದು?

ಒಂದು ಸಂಜೆ ಅವನನ್ನು ದವಾಖಾನೆಗೆ ಕರೆದುಕೊಂಡು ಹೋಗಿ ವಾಪಸು ಬರುತ್ತಿದ್ದೆ. ಗಲ್ಲಿಯ ತಿರುವಿನಲ್ಲೇ ಮೋಟಾರಿನ ಸಪ್ಪಳ ಕೇಳಿಸಿತು. ಗೂಳಪ್ಪ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಅವನಿಗೆ ಓಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮಂಜರಿ ಮಶೀನಿನ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಹಿಡಿ, ಬಲಗೈಯ ಬ್ಯಾಂಡೇಜು ಬಿಚ್ಚಿ ಆ ಹೊಸ ಚರ್ಮದ ಹೆಬ್ಬೆರಳನ್ನು ಅಲಗಿನ ಹಿಂದೆ ಇಟ್ಟಿದ್ದಳು. ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ತೂಗುತ್ತ, ಎಲ್ಲ ಕಲಿಸಿದ ಹಾಗೇ. ಅಲಗು ಆಗಲೇ ನೀಲಿಯಾಗಿತ್ತು. ಬೆರಳಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು, ಅವಳಿಗೆ ಗೊತ್ತಾಗಿರಲಿಲ್ಲ. ನಮ್ಮನ್ನು ನೋಡಿ ನಕ್ಕಳು ಕೂಡ.

ಗೂಳಪ್ಪ ಸ್ವಿಚ್ಚು ಆರಿಸಿದ. ಅವಳ ಕೈ ಹಿಡಿದು ಬಕೆಟ್ಟಿನೊಳಗೆ ಮುಳುಗಿಸಿದ. ಆಮೇಲೆ ಮೇಜಿನ ಮೇಲಿದ್ದ ಕತ್ತಿ ತೆಗೆದುಕೊಂಡು ಮಶೀನಿನ ಪಟ್ಟಿಯನ್ನು ಕೊಯ್ದ. ಗೋಡೆಗೆ ತೂಗುಹಾಕಿದ್ದ ಹೊಸ ಪಟ್ಟಿಗಳನ್ನೂ ಒಂದೊಂದಾಗಿ ಕೊಯ್ದು ಹಾಕಿದ. ಮಂಜರಿ ಕಿರುಚಿದಳು: “ಕೊಯ್ರಿ! ನಾಳೆ ಮತ್ತ ತರ್ತೀನಿ! ಎಡಗೈಲೆ ಕಲೀತೀನಿ. ನೀವು ಮಾತಾಡದಿದ್ರೂ ಕಲೀತೀನಿ. ಈ ಮನಿ ಬಿಟ್ಟು ನಾ ಹೋಗಾಕಿ ಅಲ್ಲ!” ಅವನು ಕೆಳಗೆ ಕೂತು ಪಟ್ಟಿಯ ಚೂರುಗಳನ್ನು ಆರಿಸತೊಡಗಿದ.

ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಯ ಬಾಗಿಲಿಗೆ ಬಂದ. ಫೋನು ಚಾಚಿದ. ಪರದೆಯ ಮೇಲೆ ಮಂಜರಿಯ ಅಣ್ಣ ಅಮೇಯನ ನಂಬರು. ‘ಕರೆ, ಬರಹೇಳು, ಕರೆದುಕೊಂಡು ಹೋಗಲಿ’ ಎಂದು ಸನ್ನೆ ಮಾಡಿದ. ನನ್ನ ಮೈ ಉರಿಯಿತು. ಯಾವ ಫೋನಿಗೆ ಹೆದರಿ ಮಶೀನು ನಿಲ್ಲಿಸುತ್ತಿದ್ದನೋ ಆ ಫೋನನ್ನೇ ಈಗ ತಾನಾಗಿ ಹಿಡಿದುಕೊಂಡು ಬಂದಿದ್ದಾನೆ! ಕೈ ನೆಟ್ಟಗಿದ್ದಾಗ ಸೊಸೆ ಬೇಕಿತ್ತು, ಈಗ ಬೇಡವಾದಳು, ಇಷ್ಟೇ ಇವನ ಪ್ರೀತಿ ಎಂದುಕೊಂಡೆ. ಮುಖದ ಮೇಲೇ ಅಂದೆ ಕೂಡ. ಅವನು ತಲೆ ತಗ್ಗಿಸಿ ಫೋನು ಚಾಚಿಕೊಂಡೇ ನಿಂತಿದ್ದ. ಇಂಥವನ ಜೊತೆ ಇರುವುದಕ್ಕಿಂತ ತವರೇ ಮೇಲು ಎಂದು ಸಿಟ್ಟಿನಲ್ಲಿ ನಾನೇ ಮಾತಾಡಿದೆ.

ಅಮೇಯ ಕಾರು ತಂದ. ಮಂಜರಿ ಮೊದಲು ಒಪ್ಪಲೇ ಇಲ್ಲ. ಸುಟ್ಟ ಬೆರಳು ಕೀವಾಗಿತ್ತು, ಅಲ್ಲಿ ಆರೈಕೆ ಮಾಡುವವರಿದ್ದಾರೆ ಎಂದು ಅಣ್ಣ ಪುಸಲಾಯಿಸಿದ. ಕೊನೆಗೆ, ಗಾಯ ಮಾಯುವ ತನಕ ಮಾತ್ರ ಎಂದು ಒಪ್ಪಿದಳು. ಹೊಸ ಪಟ್ಟಿಗೆ ಅಂಗಡಿಯಲ್ಲಿ ಆರ್ಡರು ಕೊಟ್ಟಿದ್ದೇನೆ, ಬಂದರೆ ಇಸಿದುಕೊಳ್ಳಿ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಾವನ ಗುಳಿಗೆ ಡಬ್ಬಿ ನನ್ನ ಕೈಗೆ ಕೊಟ್ಟಳು.

ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಮರಾಠಿಯವರು ಹೋಗುವ ಮಾತನ್ನೇ ಎತ್ತುವುದಿಲ್ಲ. ಹೊಸ್ತಿಲಲ್ಲಿ ನಿಂತು ‘ಯೇತೇ’, ಬರುತ್ತೇನೆ, ಎನ್ನುತ್ತಾರೆ. ಅದಕ್ಕೆ ಮನೆಯ ಹಿರಿಯರು ‘ಯೇ’, ಬಾ, ಎಂದರೇ ಹೊಸ್ತಿಲು ದಾಟುವುದು. ಮಂಜರಿ ಹೊಸ್ತಿಲಲ್ಲಿ ನಿಂತಳು. ಗೂಳಪ್ಪ ಬಂದ್ ಆದ ಮಶೀನಿಗೆ ಒರಗಿದ್ದ.

“ಯೇತೇ ಹಂ, ಮಾಮಾ” ಎಂದಳು.

ಅವನು ತಲೆ ತಗ್ಗಿಸಿದ. ಅಮೇಯ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಅವಳು ಕದಲಲಿಲ್ಲ. “ಮಾಮಾ, ಯೇತೇ ಮೀ” ಎಂದು ಮತ್ತೆ ಹೇಳಿದಳು. ಆ ಒಂದು ಅಕ್ಷರಕ್ಕೆ ಅವಳು ದಿನವಿಡೀ ಬೇಕಾದರೂ ನಿಲ್ಲುತ್ತಿದ್ದಳು. ಅನ್ನೋ ಮಹಾರಾಯಾ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಗೂಳಪ್ಪ ತಲೆ ಎತ್ತಿದ. ಆಸ್ಪತ್ರೆಯಲ್ಲಿ ಹಣೆ ಬಡಿದುಕೊಂಡ ದಿನದ ಮೇಲೆ ಅವನ ದನಿ ಕೇಳಿದ್ದು ಅದೇ ಮೊದಲು.

“ಜಾ” ಎಂದ.

ಹೋಗು. ಮರಾಠಿಯಲ್ಲಿ ಆ ಶಬ್ದಕ್ಕೆ ಅದೊಂದೇ ಅರ್ಥ, ಕನ್ನಡದಲ್ಲಿ ಬೇರೆ ಅರ್ಥವಿಲ್ಲ. ಯಾರ ಕಿವಿಗೂ ಅದು ತಪ್ಪಿ ಕೇಳಿಸುವಂಥದ್ದಲ್ಲ. ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳಿಗೆ ಶತ್ರುಗಳೂ ಹಾಗೆ ಹೇಳುವುದಿಲ್ಲ. ಮಂಜರಿ ಅವನನ್ನು ನೋಡಿದಳು. ಮುಖದ ಬಣ್ಣವೆಲ್ಲ ಇಳಿದುಹೋಯಿತು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿದು ಕಾರಿನಲ್ಲಿ ಕೂತಳು. ಕಾರು ಗಲ್ಲಿಯ ತಿರುವಿನಲ್ಲಿ ಮರೆಯಾಗುವ ತನಕ ನಾನು ನೋಡಿದೆ, ಅವಳು ತಿರುಗಲಿಲ್ಲ.

ನಾನು ಒಳಗೆ ನುಗ್ಗಿದೆ. ಇದ್ದಬದ್ದ ಸಿಟ್ಟೆಲ್ಲ ಒಮ್ಮೆಲೇ ಬಾಯಿಗೆ ಬಂತು. “ನೀವೇನು ಮನಶ್ಯಾರೋ, ಕಬ್ಬಿಣೋ? ಇಷ್ಟು ದಿನಾ ಬಾಯಿ ಹೊಲಕೊಂಡು ಕೂತವರಿಗೆ ಇದೊಂದು ಮಾತು ಆಡ್ಲಿಕ್ಕೆ ಬಾಯಿ ಬಂತೇನ್ರಿ? ಬಾ ಅಂತ ಒಂದು ಅಕ್ಷರ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ಗೂಳಪ್ಪ ಮಶೀನಿನ ಕಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದು ಕೂತ. ಏನೂ ತಿಳಿಯದ ತನ್ನ ಬೆರಳುಗಳಿಂದ ಮುಖ ಮುಚ್ಚಿಕೊಂಡ.

“ಬಾ ಅಂದಿದ್ರ ಆಕಿ ಬರ್ತಿದ್ಲ್ರೀ, ಗೋದಾಬಾಯರ.”